ಗಣಕಪರೀಕ್ಷಾ ಪ್ರಕರಣ, ದರಪಟ್ಟಿ ಸಹಿತ

ಸೋದೆಯ ಜೈನಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಮುಗಿಸಿದ. ಕನ್ನಡಕ್ಕೆ ಸಂಸ್ಕೃತದಲ್ಲಿ 592 ಸೂತ್ರ. ಸೂತ್ರ ತಿಳಿಯದವರಿಗೆ ವೃತ್ತಿ, ವೃತ್ತಿಯೂ ತಿಳಿಯದವರಿಗೆ ವ್ಯಾಖ್ಯಾನ. ಮೂರನ್ನೂ ತಾನೇ ಬರೆದುಕೊಂಡ. ಅದೇ ಸೀಮೆಯ ಅನ್ನ ಉಂಡು ಕಂಪ್ಯೂಟರಿನ ವಿಷಯ ಬರೆಯಹೊರಟ ಈ ಗ್ರಂಥಕಾರ ಬೇರೆ ಪದ್ಧತಿ ಹಿಡಿದರೆ ತಪ್ಪಾದೀತು. ಆದ್ದರಿಂದ ಇಲ್ಲಿ ಸೂತ್ರವೂ ಅವನದು, ವೃತ್ತಿಯೂ ಅವನದು, ನಡುವೆ ಏಳುವ ಆಕ್ಷೇಪವೂ ಅವನದೇ. ಸೂತ್ರಗಳು ಮಾತ್ರ 592 ಇಲ್ಲ.

ಶಾಸ್ತ್ರಗ್ರಂಥಕ್ಕೆ ಮೊದಲು ಅನುಬಂಧ ಚತುಷ್ಟಯ ಹೇಳಬೇಕು. ವಿಷಯ: ಆಟಕ್ಕೂ ಓದಿಗೂ ಒದಗುವ ಅಗ್ಗದ ಕಂಪ್ಯೂಟರ್. ಅಧಿಕಾರಿ: ಶಿರಸಿ ಶೈಕ್ಷಣಿಕ ಜಿಲ್ಲೆಯ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಹೈಸ್ಕೂಲು ಅಥವಾ ಪಿಯುಸಿ ಓದುವ ಮಗುವಿನ ಪಾಲಕ, ಮಗುವಿಗೆ ಈ ಶಾಸ್ತ್ರ ಮೊದಲೇ ಗೊತ್ತಿರುವುದರಿಂದ ಅದು ಅಧಿಕಾರಿಯಲ್ಲ. ಪ್ರಯೋಜನ: ಪಶ್ಚಾತ್ತಾಪ ನಿವಾರಣೆ. ಸಂಬಂಧ: ಅಡಿಕೆ.

ಸೂತ್ರ 1. ಬಜೆಟ್ ಎಂದರೆ ಒಂದು ಕ್ವಿಂಟಲ್.

ವೃತ್ತಿ: ಪೇಟೆಯ ಅಂಗಡಿಯವರು ‘ನಿಮ್ಮ ಬಜೆಟ್ ಎಷ್ಟು ಹೆಗಡೇರೆ?’ ಎಂದು ಕೇಳಿದಾಗ ಬಾಯಲ್ಲಿ ರೂಪಾಯಿ ಬಂದರೂ ಮನಸ್ಸಿನಲ್ಲಿ ಏಳುವುದು ತೂಕ. ಈಚಿನ ವರ್ಷಗಳಲ್ಲಿ ರಾಶಿ ಅಡಿಕೆ ಕ್ವಿಂಟಲಿಗೆ ನಲವತ್ತು ಸಾವಿರದ ಮೇಲೆಯೇ ಆಡಿದೆ. ಮಾನಿಟರ್ ಸೇರಿದ ಸಾಧಾರಣ ಡೆಸ್ಕ್‌ಟಾಪ್, ಅಥವಾ ಕೆಳಮಟ್ಟದಲ್ಲಿ ಮೇಲಾದ ಲ್ಯಾಪ್‌ಟಾಪ್, ಇವೂ ಅಲ್ಲೇ ಸುತ್ತುತ್ತವೆ. ಹೀಗಾಗಿ ಒಂದು ಕ್ವಿಂಟಲ್ ಎಂಬ ಮಾನ ನಿಂತಿದೆ. ತೊಡಕು ಕಾಲದ್ದು. ಆನ್‌ಲೈನ್ ಅಂಗಡಿಗಳ ದೀಪಾವಳಿ ರಿಯಾಯಿತಿ ಬರುವಾಗ ಅಡಿಕೆ ಇನ್ನೂ ಮರದ ಮೇಲಿರುತ್ತದೆ. ಕೊನೆಕೊಯ್ಲು ಮುಗಿದು, ಬೇಯಿಸಿ ಒಣಗಿಸಿ, ಸೊಸೈಟಿಯಲ್ಲಿ ವಿಕ್ರಿಯಾಗಿ ದುಡ್ಡು ಖಾತೆಗೆ ಬೀಳುವಾಗ ಪರೀಕ್ಷೆ ತಲೆಯ ಮೇಲೆ. ಬೇಯಿಸದೆ ಬಿಸಿಲಿಗೆ ಒಣಗಿಸಿ ಚಾಲಿ ಮಾಡುವವರಿಗೆ ಇನ್ನೂ ತಡ.

ತೋಟವಿಲ್ಲದ ಮನೆಗಳಿಗೆ, ಯಲ್ಲಾಪುರದ ಕಾಡಂಚಿನ ಸಿದ್ದಿಯರಿಗೆ, ಪೇಟೆಯಲ್ಲಿ ದಿನಗೂಲಿಗೆ ದುಡಿಯುವವರಿಗೆ ಈ ಮಾನ ಹೊಂದದು. ಅವರು ನಡುವಿನ ಪಾಂಡಿತ್ಯವನ್ನೆಲ್ಲ ದಾಟಿ ನೇರ ‘ಹಳೆ ಚಾಲಿ’ ಎಂಬಲ್ಲಿಗೆ ಹೋಗಬಹುದು. ಹಣವಿದ್ದವರೂ ಹಾಗೆ ಮಾಡಿದರೆ ನಷ್ಟವಿಲ್ಲ.

ಸೂತ್ರ 2. ಹೆಸರು ಓದಿನದು, ಬೆಲೆ ಆಟದ್ದು.

ವೃತ್ತಿ: ಓದಿಗೆ ಬೇಕಾದ್ದು ಏನು? ಕರ್ನಾಟಕ ಪಠ್ಯಪುಸ್ತಕ ಸಂಘ ಪುಕ್ಕಟೆ ಕೊಡುವ ಪುಸ್ತಕದ ಪಿಡಿಎಫ್ ತೆರೆಯಬೇಕು, ನುಡಿಯಲ್ಲೋ ಯೂನಿಕೋಡಿನಲ್ಲೋ ನಾಲ್ಕು ಪುಟ ಟೈಪು ಮಾಡಬೇಕು, ಪ್ರಾಜೆಕ್ಟಿಗೆ ಸ್ಲೈಡ್ ಮಾಡಬೇಕು, ಯೂಟ್ಯೂಬಿನ ಭೌತಶಾಸ್ತ್ರ ತಡೆಯದೆ ಓಡಬೇಕು, ಕಡೆಗೊಂದು ದಿನ ಸಿಇಟಿ ಆಯ್ಕೆಗಳನ್ನು ನಮೂದಿಸಬೇಕು. ಎಂಟು ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಸುಮಾರಾದ ಪ್ರೊಸೆಸರ್ ಇದ್ದರೆ ಇಷ್ಟೂ ನಡೆಯುತ್ತದೆ. 2020ರಲ್ಲಿ ಶಾಲೆ ಮುಚ್ಚಿದಾಗ ಇದೇ ಸೀಮೆಯ ಮಕ್ಕಳು ಗುಡ್ಡದ ತಲೆ ಹತ್ತಿ, ಛತ್ರಿಯಡಿ ಕೂತು, ಅಪ್ಪನ ಮೊಬೈಲಿನಲ್ಲಿ ಪಾಠ ಕೇಳಿದವರು. ಅಂದು ಕೊರತೆಯಾಗಿದ್ದು ಸಿಗ್ನಲ್, ಪ್ರೊಸೆಸರ್ ಅಲ್ಲ.

ಹಾಗಿದ್ದರೆ ಕ್ವಿಂಟಲಿನಲ್ಲಿ ಉಳಿದ ದುಡ್ಡು ಯಾವುದಕ್ಕೆ? ಇದಕ್ಕೆ ಪೂರ್ವಪಕ್ಷ ಪ್ರತಿ ಮನೆಯಲ್ಲೂ ಒಂದೇ ಬಗೆ:

‘ಅಪ್ಪಯ್ಯ, ಗ್ರಾಫಿಕ್ಸ್ ಕಾರ್ಡ್ ಇದ್ರೆ ಗಣಿತದ ಗ್ರಾಫ್ ಚೊಲೋ ಬತ್ತಡ.’

‘ಹೌದನ? ಹಂಗಾರೆ ಹಾಕ್ಸು.’

‘ಯಂಗಳ ಕಾಲ್ದಲ್ಲಿ ಗ್ರಾಫ್ ಹಾಳೆಗೆ ನಾಲ್ಕಾಣೆ ಇತ್ತು’ ಎಂದು ಅಜ್ಜ ಜಗಲಿಯಿಂದ ಹಾಕುವ ಆಕ್ಷೇಪವನ್ನು ಸಭೆ ದಾಖಲಿಸಿಕೊಳ್ಳುವುದಿಲ್ಲ. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳಿಗ್ಗೆ ತೋಟದಲ್ಲಿ ತೂಕಡಿಸಿದ ತಲೆಮಾರಿಗೆ, ಮೊಮ್ಮಗನ ರಾತ್ರಿಯಾಟವನ್ನು ಬೈಯುವ ಅಧಿಕಾರ ಎಷ್ಟರಮಟ್ಟಿಗೆ ಉಂಟೆಂಬುದು ಬೇರೆ ಪ್ರಕರಣ.

ಸಿದ್ಧಾಂತ: ಆಟವನ್ನು ಮೊದಲು ಕೇಳಿ ತಿಳಿ, ಆಮೇಲೆ ಯಂತ್ರ. ಮಗ ಆಡುವುದು ಬಿಜಿಎಂಐ ಆದರೆ ಅದು ಮೊಬೈಲಿಗಾಗಿ ಮಾಡಿದ್ದು, ಅದಕ್ಕೆ ಕಂಪ್ಯೂಟರ್ ಕೊಡಿಸುವುದು ವ್ಯರ್ಥ. (ಪಬ್‌ಜಿ ಮೊಬೈಲನ್ನು ಕೇಂದ್ರ ಸರಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು, 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಿನಲ್ಲಿ ಬಂತು, 2022ರ ಜುಲೈಯಲ್ಲಿ ಮಾಯವಾಗಿ 2023ರ ಮೇಯಲ್ಲಿ ಮರಳಿತು. ಆಯಿಯ ಮಾತಿಗೆ ಬಗ್ಗದ್ದು ಸರಕಾರದ ಆಜ್ಞೆಗೂ ಬಗ್ಗಲಿಲ್ಲ.) 2002ರ ವೈಸ್ ಸಿಟಿ, 2004ರ ಸ್ಯಾನ್ ಆಂಡ್ರಿಯಾಸ್, ಕೌಂಟರ್ ಸ್ಟ್ರೈಕ್ 1.6 ಇವು ಪುರಾಣಕಾಲದವು, ಕರೆಂಟ್ ಇರುವ ಯಾವ ಯಂತ್ರದಲ್ಲೂ ಓಡುತ್ತವೆ. ಮೈನ್‌ಕ್ರಾಫ್ಟ್, ವ್ಯಾಲರಂಟ್, ಜಿಟಿಎ 5 ಮಧ್ಯಮವರ್ಗ. ಈ ಗ್ರಂಥ ಇರುವುದೇ ಇವಕ್ಕಾಗಿ. ಸೈಬರ್‌ಪಂಕ್ 2077 ಮೊದಲಾದವು ಒಂದು ಕ್ವಿಂಟಲಿಗೆ ಎಟಕವು. ಮಗ ಆ ಹೆಸರು ಹೇಳಿದರೆ ಮುಂದಿನ ವರ್ಷ ಕೊಳೆರೋಗ ಬಾರದಿದ್ದರೆ ನೋಡೋಣ ಎಂದು ಹೇಳತಕ್ಕದ್ದು.

ಮಧ್ಯಮವರ್ಗದ ಆಟಗಳು ತೋರುವಷ್ಟು ದುಬಾರಿಯಲ್ಲ. ವ್ಯಾಲರಂಟಿನ ತಯಾರಕರು ಹೇಳುವ ಕನಿಷ್ಠ ಗ್ರಾಫಿಕ್ಸ್ ಇಂಟೆಲ್ ಎಚ್‌ಡಿ 4000. 2012ರ ಪ್ರೊಸೆಸರುಗಳ ಒಳಗೇ ಅದಿತ್ತು. ಜಿಟಿಎ 5ಕ್ಕೆ ನಿಜವಾಗಿ ಬೇಕಾದ್ದು ಜಾಗ: ನೂರು ಜಿಬಿಗೂ ಮೇಲೆ. ದಿನಕ್ಕೆ 1.5 ಜಿಬಿ ಸಿಗುವ ಮೊಬೈಲ್ ಪ್ಯಾಕಿನಲ್ಲಿ ಇಳಿಸಿಕೊಂಡರೆ ಎರಡು ತಿಂಗಳಿಗೂ ಹೆಚ್ಚು. ಅಷ್ಟರಲ್ಲಿ ಚಾಲಿ ಒಣಗಿರುತ್ತದೆ.

ಸೂತ್ರ 3. ಒಡೆಯದೆ ದರವಿಲ್ಲ.

ವೃತ್ತಿ: ಇದು ಗ್ರಂಥದ ಜೀವಸೂತ್ರ. ಮೂಟೆಯೊಳಗಿನ ನಾಲ್ಕು ಅಡಿಕೆ ಕತ್ತರಿಸಿ ತಿರುಳು ನೋಡದೆ ಈ ಮೂರು ಊರಿನ ಯಾವ ವ್ಯಾಪಾರಿಯೂ ಟೆಂಡರ್ ಬರೆಯುವುದಿಲ್ಲ. ಕೊಡುವವನೂ ತನ್ನ ಅಡಿಕೆಯ ಗುಣ ಕೈಬೆರಳಿನಲ್ಲೇ ಬಲ್ಲ. ಆಶ್ಚರ್ಯವೆಂದರೆ, ಅಷ್ಟು ಬಲ್ಲ ಅದೇ ಮನುಷ್ಯ ಅಡಿಕೆ ಮಾರಿದ ದುಡ್ಡು ಹಿಡಿದು ಕಂಪ್ಯೂಟರ್ ಅಂಗಡಿಗೆ ಹೋದಾಗ ಮುಚ್ಚಳದ ಮೇಲಿನ ಸ್ಟಿಕ್ಕರ್ ಓದಿ ‘ಅಡ್ಡಿಲ್ಲೆ’ ಎಂದುಬಿಡುತ್ತಾನೆ.

ಒಡೆಯುವ ಕ್ರಮ ಹೇಗೆ? ತಾರ್ಕಿಕರು ಪ್ರಮಾಣಗಳನ್ನು ಹೇಳಿದ್ದಾರೆ. ಶಬ್ದಪ್ರಮಾಣವೆಂದರೆ ಆಪ್ತರ ಮಾತು. ಈಗ ಆ ಸ್ಥಾನ ಯೂಟ್ಯೂಬಿನದು, ಆದರೆ ಆಪ್ತನಿಗೆ ಕಮಿಷನ್ ಇದ್ದರೆ ಮಾತು ಪ್ರಮಾಣವಾಗುತ್ತದೆಯೇ ಎಂಬ ಚರ್ಚೆಯನ್ನು ನ್ಯಾಯಶಾಸ್ತ್ರ ಮುಗಿಸಿಲ್ಲ. ಅನುಮಾನವೆಂದರೆ ಫ್ಯಾನಿನ ಸದ್ದು ಕೇಳಿ ಒಳಗೆ ಬಿಸಿಯುಂಟೆಂದು ತಿಳಿಯುವುದು. ಪ್ರತ್ಯಕ್ಷವೇ ಶ್ರೇಷ್ಠ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು, ರ‍್ಯಾಮ್ ಎಷ್ಟು, ಎಷ್ಟು ಸ್ಲಾಟಿನಲ್ಲಿದೆ, ಡಿಸ್ಕ್ ಎಸ್‌ಎಸ್‌ಡಿಯೋ ಹಳೆಯ ತಿರುಗುವ ಹಾರ್ಡ್ ಡಿಸ್ಕೋ, ಎಲ್ಲ ಇದೆ. ಅಂಗಡಿಯವ ಇದನ್ನು ತೆರೆಯಲು ಬಿಡದಿದ್ದರೆ ಅಲ್ಲಿಂದ ಎದ್ದು ಬರತಕ್ಕದ್ದು.

ಸೂತ್ರ 4. ಮೊದಲು ತಲೆಮಾರು, ಆಮೇಲೆ ಐ.

ವೃತ್ತಿ: ಐ7 ಎಂದರೆ ಐ5ಕ್ಕಿಂತ ಮೇಲು, ಐ5 ಎಂದರೆ ಐ3ಕ್ಕಿಂತ ಮೇಲು, ಇದು ಬಾಲಬೋಧೆ. ಒಂದೇ ತಲೆಮಾರಿನೊಳಗೆ ಮಾತ್ರ ಸತ್ಯ. ಅಡ್ಡಗೆರೆಯ ನಂತರದ ಮೊದಲ ಒಂದೆರಡು ಅಂಕಿ ತಲೆಮಾರನ್ನು ಹೇಳುತ್ತವೆ: ಐ7-2600 ಎರಡನೆಯ ತಲೆಮಾರು, 2011ರದು, ಐ3-12100 ಹನ್ನೆರಡನೆಯದು, 2022ರದು. ಈ ಮೊಮ್ಮಗ ಐ3 ಆ ಅಜ್ಜ ಐ7ನ್ನು ಎಲ್ಲದರಲ್ಲೂ ಸೋಲಿಸುತ್ತಾನೆ. ಆದರೂ ‘ಐ7 ಗೇಮಿಂಗ್ ಪಿಸಿ’ ಎಂಬ ಹಲಗೆಯಡಿ ಇಂದಿಗೂ ಅಜ್ಜನೇ ಕೂತಿರುತ್ತಾನೆ.

ಎಎಂಡಿಯ ವ್ಯಾಕರಣ ಇನ್ನೂ ಕಠಿಣ. ರೈಜನ್ 5 7520ಯು ಎಂಬ ಹೆಸರಿನಲ್ಲಿ ಮೊದಲ ಅಂಕಿ ಮಾರುಕಟ್ಟೆಗೆ ಬಂದ ವರ್ಷದ ಸೂಚನೆ, ಒಳಗಿನ ವಿನ್ಯಾಸ ಎಷ್ಟು ಹಳೆಯದೆಂದು ಹೇಳುವುದು ಮೂರನೆಯ ಅಂಕಿ. ಅಲ್ಲಿ 2 ಇದ್ದರೆ 2019ರ ವಿನ್ಯಾಸ, ಪಕ್ಕದ 7530ಯುವಿನಲ್ಲಿ 3 ಇರುವುದರಿಂದ ಅದರ ನಂತರದ್ದು. ಎರಡಕ್ಕೂ ಮುಚ್ಚಳದ ಮೇಲೆ ‘ರೈಜನ್ 5’ ಎಂದೇ ಸ್ಟಿಕ್ಕರ್. ಆಟಕ್ಕೆ ಮೊದಲನೆಯದರ ಒಳಗಿನ ಗ್ರಾಫಿಕ್ಸ್ ತೀರ ಸಣ್ಣದು. ಭಟ್ಟಾಕಳಂಕನಿಗೂ ಇಂಥ ಅಪವಾದ ಎದುರಾಗಿರಲಿಲ್ಲ.

ಸೂತ್ರ 5. ಒಂದು ಎಂಟಕ್ಕಿಂತ ಎರಡು ನಾಲ್ಕು ಮೇಲು.

ವೃತ್ತಿ: ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಚಿತ್ರ ಬಿಡಿಸುವ ಕೆಲಸಕ್ಕೂ ರ‍್ಯಾಮನ್ನೇ ಬಳಸಬೇಕು. ಎಂಟು ಜಿಬಿಯ ಒಂದೇ ಪಟ್ಟಿಯಿದ್ದರೆ ಸಾಗಾಟಕ್ಕೆ ಒಂದೇ ದಾರಿ, ನಾಲ್ಕರ ಎರಡಿದ್ದರೆ ಎರಡು ದಾರಿ, ಆಟದ ವೇಗ ಕಣ್ಣಿಗೆ ಕಾಣುವಷ್ಟು ಏರುತ್ತದೆ. ಎಂಟರ ಎರಡಿದ್ದರೆ ಉತ್ತಮೋತ್ತಮ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳ ಬೇಡಿಕೆಯಿಂದಾಗಿ ರ‍್ಯಾಮ್ ದರ ಜಿಗಿದಿದೆ; ಎಲ್ಲೋ ದೂರದಲ್ಲಿ ಯಾರೋ ಕೊಳ್ಳುವುದರಿಂದ ಇಲ್ಲಿ ದರ ಕುಣಿಯುವುದು ಅಡಿಕೆಯವರಿಗೆ ಬಿಡಿಸಿ ಹೇಳಬೇಕಾದ ವಿಷಯವಲ್ಲ.

ಇನ್ನು ಜಾತಿವಿಭಾಗ. ಪತ್ರಿಕೆಯ ಅಡಿಕೆ ದರಪಟ್ಟಿಯೇ ಇದಕ್ಕೆ ಸಿದ್ಧ ಚೌಕಟ್ಟು. ಹೊಸ ಪರಿಭಾಷೆ ಕಟ್ಟುವ ಶ್ರಮವಿಲ್ಲ. ಆದರೆ ಮೂರು ಊರಿನ ಪಟ್ಟಿ ಒಂದೇ ಅಲ್ಲ. ಯಲ್ಲಾಪುರದಲ್ಲಿ ‘ಅಪಿ’ ಎಂಬ ಮೇಲ್ದರದ ಸಾಲು ಉಂಟು, ಚಾಲಿಯಲ್ಲೂ ಹಳೆಯದು ಹೊಸದು ಎಂಬ ಭೇದ ಉಂಟು. ಆದ್ದರಿಂದ ಈ ಗ್ರಂಥ ಯಲ್ಲಾಪುರ ಪಾಠವನ್ನು ಅನುಸರಿಸುತ್ತದೆ. ‘ಸಿರ್ಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ್ದನ್ನು ಮುಂದಿಟ್ಟು ಶಿರಸಿಯವರು ತಕರಾರು ಮಾಡಿದರೆ ಅವರ ತಕರಾರನ್ನು ಅಡಿಟಿಪ್ಪಣಿಯಲ್ಲಿ ಸೇರಿಸಲಾಗುವುದು, ಅಡಿಟಿಪ್ಪಣಿ ಇಲ್ಲ.

ಅಪಿಯ ಬಗ್ಗೆ ಬೇಗ ಮುಗಿಸೋಣ. ಬೇರೆ ಗ್ರಾಫಿಕ್ಸ್ ಕಾರ್ಡಿರುವ ಹೊಸ ಗೇಮಿಂಗ್ ಲ್ಯಾಪ್‌ಟಾಪ್ ಅಪಿ. ಒಂದೂವರೆ ಕ್ವಿಂಟಲಿಗೆ ಕಡಿಮೆಯಾಗದು. ಬಿಸಿಯಾಗುತ್ತದೆ, ಭಾರ, ಬ್ಯಾಟರಿ ಬೇಗ ಇಳಿಯುತ್ತದೆ. ಕಾಲೇಜಿಗೆ ಹೊತ್ತೊಯ್ಯುವ ಮೊದಲ ವಾರ ಉತ್ಸಾಹ ಇರುತ್ತದೆ.

ರಾಶಿಯೆಂದರೆ ಜೋಡಿಸಿದ ಡೆಸ್ಕ್‌ಟಾಪ್: ರೈಜನ್ 5 5600ಜಿಯಂಥ ಒಳಗೇ ಗಟ್ಟಿ ಗ್ರಾಫಿಕ್ಸ್ ಇರುವ ಪ್ರೊಸೆಸರ್, ಎರಡು ಪಟ್ಟಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಕರೆಂಟ್ ಹದಮಾಡಿ ಒದಗಿಸುವ, ಹೆಸರುಳ್ಳ ಕಂಪನಿಯ ಎಸ್‌ಎಂಪಿಎಸ್. ಕಾರ್ಡು ಈಗ ಬೇಡ. ವ್ಯಾಲರಂಟ್ ಸಲೀಸು, ಜಿಟಿಎ 5 ಸೆಟ್ಟಿಂಗ್ ಇಳಿಸಿದರೆ ಸಾಕು. ಇದರ ದೊಡ್ಡ ಗುಣ ಕಂತಿನಲ್ಲಿ ಬೆಳೆಯುವುದು: ಈ ವರ್ಷ ಯಂತ್ರ, ಎರಡು ವರ್ಷ ಬಿಟ್ಟು ದರ ಚೊಲೋ ಬಂದರೆ ಕಾರ್ಡು. ಲ್ಯಾಪ್‌ಟಾಪಿಗೆ ಈ ಯೋಗವಿಲ್ಲ. ದುಡ್ಡು ಉಳಿಸಬೇಕೆಂದು ಎಸ್‌ಎಂಪಿಎಸ್‌ನಲ್ಲಿ ಕಡಿತ ಮಾಡುವವರಿದ್ದಾರೆ. ಡಬ್ಬಿಯ ಮೇಲೆ 450 ವಾಟ್ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗೆ ಅಷ್ಟಿರಬೇಕೆಂದಿಲ್ಲ, ಅದು ಸಾಯುವಾಗ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗುವುದುಂಟು.

ತಟ್ಟಿಬೆಟ್ಟೆ ಎಂಬುದು ಕಚೇರಿಯಿಂದ ಇಳಿದ ಹಳೆಯ ಬ್ರಾಂಡೆಡ್ ಡೆಸ್ಕ್‌ಟಾಪಿಗೆ ಕಾರ್ಡು ಸೇರಿಸಿದ್ದು. ತಂತ್ರ ಬಲ್ಲವರಿಗೆ ಇದು ಅತಿ ಲಾಭ. ಜಿಟಿಎಕ್ಸ್ 1650ರ ಎಷ್ಟೋ ಮಾದರಿಗಳು 75 ವಾಟಿನೊಳಗೇ, ಬೇರೆ ವಿದ್ಯುತ್ ವೈರ್ ಕೇಳದೆ ನಡೆಯುತ್ತವೆ. ಆದರೆ ಕಚೇರಿ ಕ್ಯಾಬಿನೆಟ್ ತೆಳುವಾಗಿದ್ದರೆ ಕಾರ್ಡು ಒಳಗೆ ಹೋಗುವುದೇ ಇಲ್ಲ. ಅಳತೆ ಟೇಪು ಒಯ್ಯಿರಿ.

ಹೊಸ ಚಾಲಿಯೆಂದರೆ ಶೋರೂಮಿನ ಹೊಳೆಯುವ ತೆಳು ಲ್ಯಾಪ್‌ಟಾಪ್, ಓದಿಗೆ ಪರವಾಗಿಲ್ಲ. ಹಳೆ ಚಾಲಿಯ ಬಗ್ಗೆ ಗ್ರಂಥಕಾರನಿಗೆ ಪಕ್ಷಪಾತ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನ ಲ್ಯಾಪ್‌ಟಾಪುಗಳು ಎಸ್.ಪಿ. ರೋಡಿನಲ್ಲೂ ಹುಬ್ಬಳ್ಳಿಯಲ್ಲೂ ಸಿಗುತ್ತವೆ. ಕೆಲವು ಆ ಕಂಪನಿಗಳಲ್ಲಿ ಕೆಲಸ ಮಾಡುವ ಅಣ್ಣ ಅಕ್ಕಂದಿರ ಬ್ಯಾಗಿನಲ್ಲೇ ಹಬ್ಬಕ್ಕೆ ಊರಿಗೆ ಬರುತ್ತವೆ. ಹೊಸದಾಗಿದ್ದಾಗ ಇವು ಎರಡು ಕ್ವಿಂಟಲಿನವು. ಕೀಬೋರ್ಡ್ ಗಟ್ಟಿ, ಕೀಲು ಗಟ್ಟಿ, ಬಿಚ್ಚಿ ರ‍್ಯಾಮ್ ಸೇರಿಸಲು ಬಹಳಷ್ಟಕ್ಕೆ ಜಾಗವೂ ಉಂಟು. ಅಡಿಕೆಯಲ್ಲೂ ಹಳೆ ಚಾಲಿಗೆ ಎಷ್ಟೋ ಸಲ ಹೊಸದಕ್ಕಿಂತ ಹೆಚ್ಚು ದರ ಬರುತ್ತದೆಂಬುದು ನೆನಪಿರಲಿ. ಷರತ್ತು ಒಂದೇ: ಇಂಟೆಲ್ ಆದರೆ ಎಂಟನೆಯ ತಲೆಮಾರಿಗಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಹೆಚ್ಚುಕಡಿಮೆ ಎಂಟರಿಂದ ಮೇಲಿನದನ್ನೇ ಅಧಿಕೃತವಾಗಿ ಒಪ್ಪುತ್ತದೆ. ಆರನೆಯ ತಲೆಮಾರಿನದು ಅರ್ಧ ಬೆಲೆಗೆ ಸಿಕ್ಕಿತೆಂದು ಹಿಗ್ಗಿದವರು ಲಿನಕ್ಸ್ ಹಾಕಿಕೊಳ್ಳಬಹುದು. ಓದಿಗೆ ಅದು ಚೆನ್ನಾಗಿಯೇ ನಡೆಯುತ್ತದೆ, ವ್ಯಾಲರಂಟ್ ಮಾತ್ರ ಅದರಲ್ಲಿ ಓಡದು. ಈ ದೋಷವನ್ನು ಗುಣವೆಂದು ಎಣಿಸುವ ಆಯಿಯಂದಿರ ಸಂಪ್ರದಾಯವೊಂದು ಬೆಳೆಯುತ್ತಿರುವ ಲಕ್ಷಣವಿದೆ.

ಬಿಳೇಗೋಟು: ಸೆಲೆರಾನ್, ನಾಲ್ಕು ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಹೊರಗೆ ಬೆಳ್ಳಗೆ, ತೆಳ್ಳಗೆ. ವಿಂಡೋಸ್ ತನ್ನನ್ನು ತಾನು ನವೀಕರಿಸಿಕೊಳ್ಳಲೂ ಜಾಗ ಉಳಿಯುವುದಿಲ್ಲ.

ಕೆಂಪುಗೋಟಿನ ಬಗ್ಗೆ ಮಾತ್ರ ನಿಂತು ಹೇಳಬೇಕು, ಮಕ್ಕಳು ಸೋಲುವುದು ಇದಕ್ಕೇ. ಗಾಜಿನ ಕ್ಯಾಬಿನೆಟ್, ಒಳಗೆ ಕೆಂಪು ಹಸಿರು ನೀಲಿ ದೀಪ ಸುತ್ತುತ್ತಿರುತ್ತದೆ. ‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂದು ಚೀಟಿ. ಕತ್ತರಿಸಿ ನೋಡಿದರೆ ಐ7 ಎರಡನೆಯ ತಲೆಮಾರಿನದು, ಕಾರ್ಡು ಜಿಟಿ 730. ಅದರ ಮೇಲೆ ನಾಲ್ಕು ಜಿಬಿ ಇರುವುದು ನಿಜ. ಆದರೆ ಹಳೆಯ ನಿಧಾನದ ಮೆಮೊರಿ, ಇಕ್ಕಟ್ಟಿನ ದಾರಿ. ಕಾರ್ಡೇ ಇಲ್ಲದ ರಾಶಿ ಯಂತ್ರ ಇದನ್ನು ಹಿಂದೆ ಹಾಕುತ್ತದೆ. ಜಿಬಿ ನೋಡಿ ಕಾರ್ಡು ಕೊಳ್ಳುವವನು ಗೋಣಿಯ ಅಳತೆ ನೋಡಿ ಅಡಿಕೆ ಕೊಂಡವನು. ದೀಪ ಪ್ರಮಾಣವಲ್ಲ ಎಂದು ಆರನೆಯ ಸೂತ್ರ ಮಾಡಬಹುದಿತ್ತು. ಅಂಗಡಿಯಲ್ಲಿ ಮಗನ ಮುಖ ನೋಡಿದವರಿಗೆ ಆ ಸೂತ್ರ ಹೇಳುವ ಧೈರ್ಯ ಬರುವುದಿಲ್ಲ.

ಕೊನೆಯದು ಕೋಕಾ, ಅಂದರೆ ಕೆಟ್ಟ ಮಾಲು. ಅದು ಹುಟ್ಟಿನಿಂದ ಬರುವ ಜಾತಿಯಲ್ಲ, ಮೇಲಿನ ಯಾವ ಜಾತಿಯೂ ಒಂದೇ ರಾತ್ರಿಯಲ್ಲಿ ಕೋಕಾ ಆಗಬಲ್ಲದು. ಏಪ್ರಿಲ್ ಮೇ ತಿಂಗಳ ಸಿಡಿಲು ಸಾಕು. ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲಿ ಕಾಳಿಗೆ ಅಣೆಕಟ್ಟು, ಅದರ ಕೆಳಗೆ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುಘಟಕ. ಇಷ್ಟು ವಿದ್ಯುತ್ತಿನ ನೆರೆಯಲ್ಲಿದ್ದೂ ಒಂದು ಮರ ತಂತಿಯ ಮೇಲೆ ಒರಗಿದರೆ ಒಳಹಳ್ಳಿಗಳಲ್ಲಿ ದಿನಗಟ್ಟಲೆ ಕತ್ತಲೆ. ಹೀಗಿರುವಾಗ ಕಂಪ್ಯೂಟರನ್ನು ಗೋಡೆಯ ಪ್ಲಗ್ಗಿನಿಂದ ಬೇರೆ ಮಾಡಿ ನೋಡುವುದು ಅಶಾಸ್ತ್ರೀಯ. ಡೆಸ್ಕ್‌ಟಾಪ್ ಕೊಳ್ಳುವವರು ಯುಪಿಎಸ್ ದುಡ್ಡನ್ನು ಕ್ವಿಂಟಲಿನೊಳಗೇ ಲೆಕ್ಕ ಹಿಡಿಯಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಸಾಲದೇ? ಬಹಳ ಇನ್ವರ್ಟರುಗಳ ಬೆನ್ನಲ್ಲಿ ಯುಪಿಎಸ್, ಇಕೋ ಎಂಬ ಸಣ್ಣ ಸ್ವಿಚ್ ಇರುತ್ತದೆ. ಇಕೋದಲ್ಲಿದ್ದರೆ ಕರೆಂಟ್ ಹೋಗಿ ಬ್ಯಾಟರಿ ಹಿಡಿಯುವ ಕ್ಷಣದಲ್ಲಿ ಬಲ್ಬು ಮಿಣುಕುತ್ತದೆ, ಕಂಪ್ಯೂಟರ್ ಸಾಯುತ್ತದೆ. ಆ ಸ್ವಿಚ್ಚನ್ನು ಯುಪಿಎಸ್ ಕಡೆ ತಳ್ಳಲು ಖರ್ಚಿಲ್ಲ. ಲ್ಯಾಪ್‌ಟಾಪಿಗೆ ಈ ಚಿಂತೆಯೇ ಇಲ್ಲ, ಹಳೆ ಚಾಲಿಯ ಪರವಾಗಿ ಇದೂ ಒಂದು ವಾದ.

ಸಿಡಿಲಿಗೆ ಯುಪಿಎಸ್ ತಡೆಯಲ್ಲ. ಗುಡುಗು ಶುರುವಾದರೆ ಪ್ಲಗ್ ಕೀಳುವುದೊಂದೇ ಪ್ರಾಯಶ್ಚಿತ್ತ, ಅದನ್ನು ಪಾಪಕ್ಕೆ ಮೊದಲೇ ಮಾಡಬೇಕು. ಫೈಬರ್ ಇಂಟರ್ನೆಟ್ ಬಂದ ಮೇಲೆ ಭಯವಿಲ್ಲ ಎನ್ನುವವರು ಅರ್ಧ ಸರಿ: ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ತಾಮ್ರದ ಫೋನ್ ತಂತಿಯ ಕಾಲದ ಹಾಗೆ ಸಿಡಿಲು ಮೋಡೆಮಿಗೆ ನಡೆದು ಬರದು. ಆದರೆ ಫೈಬರ್ ಡಬ್ಬಿಯ ಅಡಾಪ್ಟರ್ ಕರೆಂಟಿನ ಪ್ಲಗ್ಗಿನಲ್ಲೇ ಇದೆ, ಅದರಿಂದ ಕಂಪ್ಯೂಟರಿಗೆ ಬರುವ ಲ್ಯಾನ್ ಕೇಬಲ್ ತಾಮ್ರದ್ದೇ. ಅದನ್ನೂ ಕೀಳಬೇಕು. ಮಳೆಗಾಲದ ಶೀತಕ್ಕೆ ಪ್ಲಾಸ್ಟಿಕ್ ಹೊದೆಸುವವರು ತೇವವನ್ನು ಒಳಗೇ ಕೂಡಿಹಾಕುತ್ತಾರೆ. ದಿನಾ ಒಂದಿಷ್ಟು ಹೊತ್ತು ಯಂತ್ರ ಓಡಿಸುವುದೇ ಔಷಧಿ. ಮಕ್ಕಳಿಗೆ ಈ ಔಷಧಿ ಹೇಳಿಕೊಡಬೇಕಾಗಿಲ್ಲ. ಎಸ್‌ಎಂಪಿಎಸ್ ಒಳಗೆ ಬೆಚ್ಚಗಿನ ಜಾಗ ಹುಡುಕುವ ಹಲ್ಲಿ, ಇರುವೆಗಳಿಗೆ ಯಾವ ಶಾಸ್ತ್ರದಲ್ಲೂ ಉಪಾಯ ಹೇಳಿಲ್ಲ.

ಉಳಿದದ್ದು ವಾರಂಟಿ. ಕಂಪನಿಯ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲಿದ್ದರೆ ಶಿರಸಿಯಿಂದ ಅದು ಸುಮಾರು ನೂರು ಕಿಲೋಮೀಟರ್, ಸಿದ್ದಾಪುರದ ಒಳಹಳ್ಳಿಯಿಂದ ಒಂದು ದಿನದ ಕೆಲಸ. ‘ಆನ್‌ಸೈಟ್’ ಎಂದರೆ ಕಂಪನಿಯವರೇ ಮನೆಗೆ ಬಂದು ರಿಪೇರಿ ಮಾಡುವುದು; ‘ಕ್ಯಾರಿ ಇನ್’ ಎಂದರೆ ನೀವು ಹೊತ್ತೊಯ್ಯುವುದು. ಮನೆಗೆ ಬರುವರೋ ಇಲ್ಲವೋ ಎಂಬುದು ಅನೇಕ ಕಂಪನಿಗಳಲ್ಲಿ ಪಿನ್‌ಕೋಡಿನ ಮೇಲೆ ನಿಂತಿದೆ. ದುಡ್ಡು ಕೊಡುವ ಮೊದಲು ಪಿನ್‌ಕೋಡ್ ಹೇಳಿ ಕೇಳಿ: ಶಿರಸಿ ಪೇಟೆಯದು 581401, ಸಿದ್ದಾಪುರದ್ದು 581355, ಯಲ್ಲಾಪುರದ್ದು 581359, ಹಳ್ಳಿಯದು ಬೇರೆ ಇದ್ದರೆ ಅದನ್ನೇ ಹೇಳಬೇಕು. ‘ಬತ್ವು, ಬತ್ವು’ ಎಂದು ಅಂಗಡಿಯವ ಬಾಯಲ್ಲಿ ಹೇಳಿದರೆ ಅದನ್ನು ಬಿಲ್ಲಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳತಕ್ಕದ್ದು.